ಗಾಣಿಗೇರ ಮನೆಯ ನೆರಳು

ಹಿರೇಬಂಡೆ, ಕೃಷ್ಣಾ ತೀರ
ಕ್ರಿ.ಶ. 2121, ಶ್ರಾವಣದ ನಲವತ್ತೊಂದನೆಯ ದಿನ

ಚಿತ್ರಗಾರ್ತಿ ರುಕ್ಸಾನಾ ಬಾಗವಾನ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿನ್ನಡೆ ಟಪಾಲಿನಲ್ಲಿ ಬರುತ್ತಿದೆ. ಬರೆದವರು ಹುಟ್ಟುವ ಮೊದಲೇ ಓದುವವರ ಕೈಗೆ ಮುಟ್ಟಿಸುವ ಟಪಾಲು ಅದು; ಉತ್ತರ ತರುವ ಏರ್ಪಾಡು ಇನ್ನೂ ಆಗಿಲ್ಲ. ನಾನು ಇಂದುಮತಿ ಗಾಣಿಗೇರ, ಈ ಊರಿನ ಹಿನ್ನೆಲೆ ಮೇಸ್ತ್ರಿ. ಅಂದರೆ, ನೀವು ಹಾಡುಗಳ ಅನಿಮೇಷನ್ ಸಿನಿಮಾಕ್ಕಾಗಿ ಬರೆದ ಹಿನ್ನೆಲೆ ಚಿತ್ರಗಳನ್ನು ನೋಡಿಕೊಂಡು ಗೋಡೆ ಎಬ್ಬಿಸುವವಳು.

ನೀವು ಈಗ ಕೂತು ಬರೆಯುತ್ತಿರುವ ಹಿರೇಬಂಡೆ ಮುಂದೆ ಹೊಳೆಯ ಪಾಲಾಗುತ್ತದೆ. ಜನರೆಲ್ಲ ಉಳಿದರು, ಆ ಚಿಂತೆ ಬೇಡ. ಫೋಟೋಗಳು ಉಳಿಯಲಿಲ್ಲ. ದಿಬ್ಬದ ಮೇಲೆ ಊರನ್ನು ಮತ್ತೆ ಕಟ್ಟುವಾಗ ಹಿರಿಯರ ಕೈಯಲ್ಲಿದ್ದದ್ದು ನಿಮ್ಮ ಸಿನಿಮಾ ಒಂದೇ. ನೀವು ಹಾಡಿಗೆ ತಕ್ಕಂತೆ ಊರನ್ನು ಹಿಗ್ಗಿಸಿ ಕುಗ್ಗಿಸಿದ್ದೀರೆಂಬುದು ಪಾಪ ಅವರಿಗೆ ಹೊಳೆಯಲಿಲ್ಲ, ಕಂಡದ್ದನ್ನು ಕಂಡಂತೆ ಕಟ್ಟಿಬಿಟ್ಟರು. ಹೊಳೆಗಿಳಿಯುವ ಮೆಟ್ಟಿಲುಗಳಲ್ಲಿ ನಿಮ್ಮ ನಾಯಕಿ ಉಸಿರು ತೆಗೆದುಕೊಳ್ಳಲೆಂದು ಒಂದೊಂದನ್ನು ಅಗಲ ಮಾಡಿದ್ದಿರಲ್ಲ, ಅಲ್ಲಿ ಈಗ ನಮ್ಮ ಮುದುಕರು ಕೂತು ಎಲೆ ಅಡಿಕೆ ಹಾಕುತ್ತಾರೆ. ವಿರಹದ ಹಾಡಿನಲ್ಲಿ ಇಡೀ ಓಣಿ ನೀಲಿ, ಮದುವೆ ಹಾಡಿನಲ್ಲಿ ಅದೇ ಓಣಿ ಅರಿಸಿನ. ಯಾವುದು ನಿಜವಾದ ಸುಣ್ಣ ಎಂದು ಎರಡು ಪಂಗಡಗಳು ಮಾತು ಬಿಟ್ಟಿದ್ದವು. ಕಡೆಗೆ ಮಳೆಗಾಲಕ್ಕೆ ನೀಲಿ, ಸುಗ್ಗಿಗೆ ಅರಿಸಿನ ಬಳಿಯುವುದೆಂದು ತೀರ್ಮಾನವಾಯಿತು. ನೀವು ಬರೆದದ್ದು ಬಣ್ಣವಲ್ಲ, ಹಾಡಿನ ಮನಸ್ಸು ಎಂದು ನಾನು ಹೇಳಿದರೆ ಎರಡೂ ಪಂಗಡದವರು ನನ್ನ ಮೇಲೇ ಬೀಳುತ್ತಾರೆ. ಆದರೂ ಸುಣ್ಣ ಬಳಿಯುವ ದಿನ ಎಲ್ಲರೂ ನಿಮ್ಮ ಹಾಡುಗಳನ್ನೇ ಹಾಡುತ್ತಾರೆ. ನನಗೆ ಆ ದಿನ ಬಲು ಇಷ್ಟ.

ಒಂದು ಮನೆ ಮಾತ್ರ ಕಟ್ಟಲಾಗಲಿಲ್ಲ. ಅದು ನಮ್ಮದು. ನನ್ನ ಅಜ್ಜಿ ಬಸಲಿಂಗವ್ವ ಹುಟ್ಟಿದ ಮನೆ. ನಿಮಗೆ ದಿನವೂ ಚಹಾ ಕೊಟ್ಟದ್ದು ಅವಳ ಅವ್ವ. "ಅವ್ರು ನಮ್ಮ ಕಟ್ಟಿ ಮ್ಯಾಲ ಕುಂತು ಊರೆಲ್ಲ ಬರದ್ರು. ಕುಂತ ಮನಿ ಹ್ಯಾಂಗ ಕಾಣ್ಬೇಕವ್ವ?" ಎನ್ನುತ್ತಾಳೆ ಅಜ್ಜಿ. ದೀಪದ ಬುಡ ಕತ್ತಲೆ ಎನ್ನುವುದು ಸುಳ್ಳಲ್ಲ. ಸಂಜೆಯ ಹಾಡಿನಲ್ಲಿ ಆ ಮನೆಯ ನೆರಳೊಂದು ಬೀದಿಗೆ ಬಿದ್ದಿದೆ. ಹಿರಿಯರು ಅದನ್ನೂ ಬಿಡದೆ ಕರಿಕಲ್ಲು ಹಾಸಿದರು. ಹೀಗಾಗಿ ನಮ್ಮ ಬೀದಿಯಲ್ಲಿ ಇಲ್ಲದ ಮನೆಯ ನೆರಳು ಹಗಲೂ ರಾತ್ರಿ ಬಿದ್ದಿರುತ್ತದೆ, ಅದರ ಹಿಂದೆ ಬಯಲು. ನೆನಪಿನಿಂದಲೇ ಕಟ್ಟೋಣವೆಂದರೆ ಅಜ್ಜಿ ಒಪ್ಪುವುದಿಲ್ಲ. "ಹೊಸ್ತಲಾ ನೆನಪೈತಿ, ಚಿಲಕಾ ನೆನಪೈತಿ. ಮ್ಯಾಲಿಂದು ಗೊತ್ತಿಲ್ಲ. ಆಗ ನಾ ಇದ್ದದ್ದ ಅಷ್ಟ ಎತ್ತರ." ಸುಳ್ಳು ಬಾಗಿಲಲ್ಲಿ ಒಳಗೆ ಹೋಗಲಾರೆ ಎನ್ನುವ ಹಟ ಅವಳದು. ಸಾಯುವ ಮೊದಲು ಒಮ್ಮೆ ತನ್ನ ಬಾಗಿಲು ದಾಟಬೇಕೆಂಬ ಆಸೆಯೂ ಅವಳದೇ. ಅವಳಿಗೆ ತೊಂಬತ್ತು ತುಂಬಿದೆ, ನನಗೆ ಭಯವಾಗುತ್ತದೆ.

ಆದರೆ ಸಿನಿಮಾಕ್ಕೆ ಮೊದಲು ನೀವು ಬರೆದಿಟ್ಟ ಕರಡು ಚಿತ್ರಗಳ ಕಟ್ಟೊಂದು ಈಚೆಗೆ ಸಿಕ್ಕಿದೆ. ನೀರು ಕುಡಿದ ಹಾಳೆಗಳು ಹಸಿ ಹಪ್ಪಳದಂತೆ ಒಂದಕ್ಕೊಂದು ಅಂಟಿವೆ. ಹಬೆ ಹಿಡಿದು ಒಂದೊಂದೇ ಬಿಡಿಸುತ್ತಿದ್ದೇವೆ. ಇದುವರೆಗೆ ಬಂದದ್ದೆಲ್ಲ ಎದುರು ಸಾಲಿನ ಮನೆಗಳು, ಒಂದು ಆಡು, ಒಂದು ಬೇವಿನ ಮರ. ಅರ್ಧ ಕಟ್ಟು ಇನ್ನೂ ಬಾಕಿ ಇದೆ.

ನನ್ನ ಬೇಡಿಕೆ ಇಷ್ಟೇ. ಇವತ್ತು ಚಹಾ ಕುಡಿದ ಮೇಲೆ ಕಟ್ಟೆಯಿಂದ ಇಳಿದು, ಬೀದಿ ದಾಟಿ, ಹೊರಳಿ ನೋಡಿ. ಆ ಮನೆಯನ್ನು ಒಮ್ಮೆ ಬರೆಯಿರಿ. ಸಿನಿಮಾಕ್ಕೆ ಬೇಡವಾದರೂ ಬರೆಯಿರಿ. ಯಾವ ಹಾಡಿಗೂ ಹಿಗ್ಗಿಸಬೇಡಿ, ಗೋಡೆ ಬಿರುಕು ಬಿಟ್ಟಿದ್ದರೆ ಬಿರುಕೂ ಇರಲಿ. ನಾನು ಕಲ್ಲು ತಂದು ಒಟ್ಟಿದ್ದೇನೆ.

ಅಜ್ಜಿ ದಿನಾ ಸಂಜೆ ಆ ಕರಿಕಲ್ಲಿನ ನೆರಳಿನಲ್ಲಿ ಕೂತು, ಇವತ್ತಿನ ಹಾಳೆಯಲ್ಲಿ ಏನು ಬಂತೆಂದು ಕೇಳುತ್ತಾಳೆ. ಇನ್ನೂ ಹಾಳೆಗಳಿವೆ ಎನ್ನುತ್ತೇನೆ. ನೀವು ಹೊರಳಿ ನೋಡಿದ್ದರೆ, ಅವುಗಳಲ್ಲೊಂದು ನಮ್ಮ ಬಾಗಿಲು.

ನಿಮ್ಮ ಊರಿನಲ್ಲೇ ಬಾಳುತ್ತಿರುವ,
ಇಂದುಮತಿ