ಸಮುದ್ರದಲ್ಲಿ ಸಿಕ್ಕ ಹಸಿರು ಕೊಡ

ಹೊನ್ನಾವರ
ಬುಧವಾರ

ಪ್ರೀತಿಯ ಅವ್ವಾ,

ಫೋನಲ್ಲಿ ಹೇಳಿದ್ರೆ ಅರ್ಧಕ್ಕೇ ಬೈಯೋಕೆ ಶುರು ಮಾಡ್ತೀಯ ಅಂತ ಕಾಗದ ಬರೀತಿದ್ದೀನಿ. ನಿನ್ನ ಹಸಿರು ಪ್ಲಾಸ್ಟಿಕ್ ಕೊಡ ಸಿಕ್ತು! ಆರು ವರ್ಷದ ಹಿಂದೆ ನಮ್ಮೂರು ಹೊನ್ನೆಮರಡಲ್ಲಿ ಕಳೆದದ್ದು, ಮೊನ್ನೆ ಇಲ್ಲಿ ಸಮುದ್ರದಲ್ಲಿ ನಮ್ಮ ದೋಣಿಗೆ ಬಂದು ತಾಗ್ತು. ನಲ್ಲಿ ಸಾಲಲ್ಲಿ ಅದಲುಬದಲು ಆಗಬಾರದು ಅಂತ ನೀನು ಕತ್ತಿ ಕಾಯಿಸಿ ಅದರ ಕುತ್ತಿಗೆಗೆ ಎಳೆದ ಮೂರು ಬರೆ ಹಾಗೇ ಇವೆ. ಲಿಂಗನಮಕ್ಕಿ ಡ್ಯಾಮಿನ ಗೇಟು ದಾಟಿ, ಜೋಗದಲ್ಲಿ ಹಾರಿಯೂ ಒಡೆದಿಲ್ಲ ನೋಡು, ನಿನ್ನ ಹಾಗೇ ಗಟ್ಟಿ.

ವಾಪಸ್ ಮಾತ್ರ ಕೇಳ್ಬೇಡ. ಈಗ ಅದರ ತುಂಬಾ ಸಂಸಾರ. ಮೊದಲು ಲೋಳೆ ಕಟ್ಟಿ, ಲೋಳೆ ಮೇಲೆ ಪಾಚಿ ಬೆಳೆದು, ಆಮೇಲೆ ಚಿಪ್ಪಿನ ಹುಳಗಳು ಬಂದು ಊರೇ ಕಟ್ಟಿವೆ. ಒಳಗೆ ಹೊಟ್ಟೆ ತುಂಬಾ ಮೊಟ್ಟೆ ಹೊತ್ತ ಏಡಿಯೊಂದು ಕೂತಿದೆ. ಲ್ಯಾಬಿನ ತೊಟ್ಟಿಯಲ್ಲಿಟ್ಟು ನೋಡ್ತಿದ್ದೀನಿ. ಹದಿನೇಳು ಬಗೆ ಜೀವಿ ಸಿಕ್ಕಿವೆ. ನಮ್ಮ ಮೇಡಂಗೆ ಖುಷಿಯೋ ಖುಷಿ.

ಒಂದು ಕೆಲಸ ಮಾಡು. ಜೊತೆಗಿಟ್ಟ ಫೋಟೊನ ಪಕ್ಕದ್ಮನೆ ರಂಗಮ್ಮ ದೊಡ್ಡಮ್ಮಂಗೆ ನೀನೇ ಹೋಗಿ ತೋರ್ಸು. ಕೊಡ ಕದ್ದಳು ಅಂತ ಅವಳ ಹತ್ರ ಮಾತು ಬಿಟ್ಟಿದ್ದು ಸಾಕು. ನೀರಿಗಿಳಿದ್ರೆ ಕಾಲು ಮುರೀತೀನಿ ಅಂತಿದ್ದೆಯಲ್ಲ, ಆ ಕೊಡ ಕವುಚಿ ತಬ್ಬಿಕೊಂಡೇ ನಾನು ಹಿನ್ನೀರಲ್ಲಿ ಈಜು ಕಲಿತಿದ್ದು. ಈಜು ಬಂದ ದಿನ ಖುಷಿಗೆ ಕೈ ಬಿಟ್ಟೆ, ಅದು ತೇಲಿ ಹೋಯ್ತು.

ಹಬ್ಬಕ್ಕೆ ಬರ್ತೀನಿ. ಬೈಯೋದಿದ್ರೆ ಇಬ್ರೂ ಒಂದೇ ಜಗಲಿ ಮೇಲೆ ಕೂತು ಬೈಯಿರಿ.

ಈಜು ಬರುವ ನಿನ್ನ ಮಗಳು,
ಶ್ಯಾಮಲಾ