ಕ್ಯಾರಿಯರ್ ಇಲ್ಲದ ಸೈಕಲ್

ಹುಣಸೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಈ ಚಳಿಗೆ ನಿನ್ನ ಮಂಡಿನೋವು ಜಾಸ್ತಿಯಾಗಿದೆ ಎಂದು ಸುನಂದಕ್ಕ ಹೇಳಿದಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಪೇಪರನ್ನು ನೀನೇ ಓದುತ್ತೀಯಂತೆ, ಕೇಳಿ ಖುಷಿಯಾಯಿತು. ಅದಕ್ಕೇ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಮಾತಾಡುವುದೇನಿದೆ ಹೇಳು. ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ, ಅಷ್ಟಕ್ಕೇ ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತೀಯ. ಕೆ.ಆರ್. ನಗರದ ಅನ್ನ ಒಗ್ಗಿದೆ ತಾನೇ? ಇಲ್ಲಿದ್ದಾಗ ಮುದ್ದೆ ಇಲ್ಲದಿದ್ದರೆ ತಟ್ಟೆಯ ಮುಂದೆ ಕೂರುತ್ತಲೇ ಇರಲಿಲ್ಲ ನೀನು.

ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ, ನನಗೆ ಸಕ್ಕರೆ ಕಾಯಿಲೆ ಬಂದಿದೆ. ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬೇಲು ತೂಗುತ್ತಾ ನಿಂತರೂ ಹೊಟ್ಟೆ ಮಾತ್ರ ಮುಂದೆ ಬರುತ್ತಲೇ ಇದೆ. ನಲವತ್ತೇಳಕ್ಕೇ ಹಿಮ್ಮಡಿ ನೋವು, ಜಾಸ್ತಿ ನಡೆಯಲಾಗುವುದಿಲ್ಲ. ಡಾಕ್ಟರು ನೋಡಿ, ನಡೆಯೋಕಾಗಲ್ಲ ಅಂದ್ರೆ ಸೈಕಲ್ ತುಳೀರಿ ಎಂದುಬಿಟ್ಟರು. ಸೈಕಲ್ ಎಂದ ತಕ್ಷಣ ನಿನ್ನ ಮುಖ ಹೇಗಾಯಿತೋ ಇಲ್ಲಿಂದಲೇ ಕಾಣುತ್ತಿದೆ. ಕಾಗದ ಕೆಳಗಿಡಬೇಡಪ್ಪ, ಪೂರ್ತಿ ಓದು. ತಂಗಿ ರಾಣಿ ಹೋಗಿ ಮೂವತ್ತೊಂದು ವರ್ಷವಾಯಿತು. ಅವತ್ತಿನಿಂದ ನಾನು ಸೈಕಲ್ಲಿನ ಹ್ಯಾಂಡಲ್ ಮುಟ್ಟಿದವನಲ್ಲ, ಮಕ್ಕಳಿಗೂ ಕೊಡಿಸಿದವನಲ್ಲ.

ಎರಡು ತಿಂಗಳು ಮುಂದೂಡಿದೆ. ಕಾಲಿನ ಬೆರಳು ಜೋಮು ಹಿಡಿಯತೊಡಗಿದ ಮೇಲೆ, ದಸರಾ ಮುಗಿದ ವಾರ ಬಜಾರಿನ ಜಾನ್ ಪಾಷಾ ಅಂಗಡಿಗೆ ಹೋದೆ. ನಿನ್ನ ಹಳೆಯ ಗೆಳೆಯ ಈಗ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾನೆ ಅಷ್ಟೇ, ವ್ಯಾಪಾರವೆಲ್ಲ ಮಗ ಮುಜಫರ್‌ನದು. ನಿನ್ನನ್ನು ವಿಚಾರಿಸಿದ, ಸಲಾಂ ಹೇಳಿದ. ನಾನು ಹಿಂದೆ ಮುಂದೆ ಎರಡೂ ಕಡೆ ದಪ್ಪ ಸ್ಪ್ರಿಂಗಿರುವ, ಕೆಂಪು ಬಣ್ಣದ ಸೈಕಲ್ ಕಡೆ ನೋಡಿದ್ದೇ ತಡ, ಮುಜಫರ್ ಅಡ್ಡ ಬಂದ. "ಅಣ್ಣೋ, ಅದು ನೋಡಾಕಷ್ಟೇ ಕಣ್ರೀ ಚೆಂದ. ತುಳಿದ ಬಲಾನೆಲ್ಲ ಹಿಂದ್ಗಡೆ ಸ್ಪ್ರಿಂಗೇ ತಿಂದಾಕ್ತದೆ. ಎಷ್ಟೋ ವರ್ಸ ಬುಟ್ಟಿದ್ದು ತುಳಿಯೋವ್ರಿಗೆ ಮುಂದ್ಗಡೆ ಮಾತ್ರ ಇದ್ರೆ ಸಾಕು," ಎಂದ. ನನ್ನನ್ನು ನಡುಕೋಲಿನ ಮೇಲೆ ಕಾಲು ಹಾಕಿ ನಿಲ್ಲಿಸಿ, ಎರಡೂ ಪಾದ ನೆಲಕ್ಕೆ ಊರುತ್ತವೆಯೋ ಎಂದು ಬಗ್ಗಿ ನೋಡಿ, ದರ್ಜಿಯ ಹಾಗೆ ಅಳತೆ ತೆಗೆದ. ಗೇರು ಇಪ್ಪತ್ತೊಂದು ಬೇಡ, ಏಳಿದ್ದರೆ ಸಾಕು, ಕೆಟ್ಟರೆ ರಿಪೇರಿಯೂ ಸುಲಭ ಎಂದ. ಬ್ರೇಕು ಮಾತ್ರ ಡಿಸ್ಕೇ ಇರಲಿ, ನಮ್ಮ ಕಡೆ ಕೆಸರು ಜಾಸ್ತಿ ಎಂದ. ಅಗಲ ಟೈರಿನ, ಬೂದು ಬಣ್ಣದ ಒಂದು ಅಲ್ಯೂಮಿನಿಯಂ ಸೈಕಲ್ ಮುಂದೆ ತಂದು ನಿಲ್ಲಿಸಿದ. ಒಂದೇ ಕೈಯಲ್ಲಿ ಎತ್ತಬಹುದು ಅಪ್ಪಾ, ನಮ್ಮ ಕಬ್ಬಿಣದ ಕುದುರೆಯ ಅರ್ಧ ತೂಕವೂ ಇಲ್ಲ. ಅದಕ್ಕೆ ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಕ್ಯಾರಿಯರ್ ಇಲ್ಲ.

ಕ್ಯಾರಿಯರ್ ಬೇಕಾದ್ರೆ ಬೇರೆ ಹಾಕಿಕೊಡ್ತೀನಿ ಎಂದ ಮುಜಫರ್. ಬ್ಯಾಡ ಕಣೋ ಎಂದು ನಾನು ಎಷ್ಟು ಜೋರಾಗಿ ಕೂಗಿದೆನೋ, ಕುರ್ಚಿಯಲ್ಲಿದ್ದ ಜಾನ್ ಪಾಷಾ ಲೋಟ ಕೆಳಗಿಟ್ಟ. ನಿಜ ಹೇಳುತ್ತೇನೆ, ಆ ಸೈಕಲ್ ನಾನು ಆರಿಸಿದ್ದೇ ಹಿಂದೆ ಯಾರೂ ಕೂರಲಾಗದು ಎಂಬ ಒಂದೇ ಕಾರಣಕ್ಕೆ. ಮನೆಗೆ ತಂದರೆ ಪ್ರೇಮ ಸುತ್ತು ಹಾಕಿ ನೋಡಿ, "ಇದೇನ್ ಸೈಕಲ್ರೀ, ಒಂದ್ ಕಟ್ಟು ಸೊಪ್ಪು ಇಟ್ಕಂಡು ಬರಾಕೂ ಜಾಗಿಲ್ಲ, ಗಂಡಸ್ರಿಗೆ ಆಟದ ಸಾಮಾನು," ಎಂದು ಒಳಗೆ ಹೋದಳು. ನಿನ್ನ ಸೊಸೆಯ ನಾಲಿಗೆ ನಿನಗೆ ಗೊತ್ತಲ್ಲ.

ಸೈಕಲ್ ಮರೆಯುವುದಿಲ್ಲ ಎನ್ನುತ್ತಾರೆ, ಹೌದು. ಮೊದಲ ದಿನ ಬೀದಿಯ ಕೊನೆಯವರೆಗೆ ಓಲಾಡುತ್ತಾ ಹೋದೆ. ವಾರದಲ್ಲಿ ಬೈಪಾಸಿನವರೆಗೂ ಹೋಗಿ ಬಂದೆ. ಆದರೆ ಎಲ್ಲಿ ಏರು ಬಂದರೂ, ಚಿಕ್ಕ ಮೋರಿಯ ಏರಾದರೂ ಸರಿ, ಹಿಂದೆ ಭಾರ ಬೀಳುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿರಬೇಕೆಂದು ಎರಡು ಸಲ ಮುಜಫರ್ ಹತ್ತಿರ ಹೋದೆ. ಅವನು ಚಕ್ರ ತಿರುಗಿಸಿ ತೋರಿಸಿ, "ಏನೂ ಇಲ್ಲ ಕಣಣ್ಣ, ಎಣ್ಣೆ ಬುಟ್ಟಂಗೆ ಓಡ್ತಾ ಅದೆ," ಎಂದ. ಏನೂ ಇಲ್ಲವೆಂದು ನನಗೂ ಗೊತ್ತು. ಆದರೂ ಒಂಬತ್ತು ವರ್ಷದ ಮಗುವಿನ ತೂಕ ಎಷ್ಟೆಂದು ನನ್ನ ತೊಡೆಗಳಿಗೆ ನೆನಪಿದೆ. ಸೀಟಿನ ಹಿಂದೆ ಅಂಗಿಯ ತುದಿಯನ್ನು ಯಾರೋ ಹಿಡಿದ ಹಾಗಾಗುತ್ತದೆ. ತಿರುಗಿ ನೋಡಲು ಹೆದರಿಕೆ ಅಪ್ಪಾ, ಈ ವಯಸ್ಸಿನಲ್ಲಿ, ಹಾಡಹಗಲಿನಲ್ಲಿ.

ಇವತ್ತು ಬೆಳಿಗ್ಗೆ ಹನಗೋಡು ದಾಟಿ ವೀರನಹೊಸಹಳ್ಳಿ ದಾರಿಗೇ ಹೋದೆ. ನಮ್ಮ ಹೊಲದ ಪಕ್ಕ ಹೊಗೆಸೊಪ್ಪು ಒಣಗಿಸುತ್ತಿದ್ದ ಬ್ಯಾರನ್ ಬಿದ್ದುಹೋಗಿದೆ. ಕಾಡಂಚಿನಲ್ಲಿ ಈಗ ಹಳೆಯ ರೈಲುಕಂಬಿಗಳ ಬೇಲಿ ನಿಲ್ಲಿಸಿದ್ದಾರೆ, ಆನೆ ಕಂದಕ ಅರ್ಧ ಮುಚ್ಚಿ ಲಂಟಾನ ಬೆಳೆದಿದೆ. ಆ ಏರು ಮಾತ್ರ ಹಾಗೇ ಇದೆ. ಅಲ್ಲಿ ಎಲ್ಲರೂ ಸೈಕಲ್ ಇಳಿದು ತಳ್ಳಬೇಕು, ಬೆಲ್ ಹೊಡೆಯಬಾರದು, ಚಿಕ್ಕವರು ಮುಂದೆ ದೊಡ್ಡವರು ಹಿಂದೆ ನಡೆಯಬೇಕು ಎಂದು ನೀನು ಕಲಿಸಿದ್ದೆಯಲ್ಲ. ಇವತ್ತೂ ಇಳಿದೆ. ಮುಂದೆ ಯಾರೋ ನಡೆಯುತ್ತಿದ್ದಾರೆ ಎನ್ನುವ ಹಾಗೆ, ಅವರ ಹೆಜ್ಜೆಗೆ ಸರಿಯಾಗಿ, ನಿಧಾನ ತಳ್ಳಿಕೊಂಡು ಹತ್ತಿದೆ. ಮೇಲೆ ಹೋಗಿ ಕೂತು ಅತ್ತೆ.

ಬರುವ ಶುಕ್ರವಾರ ಅಕ್ಕನ ಮಗಳು ರಮ್ಯಶ್ರೀಯ ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕುತ್ತಾರಲ್ಲ, ನಾವೆಲ್ಲ ಗುರುವಾರವೇ ಬರುತ್ತೇವೆ. ಮನೆಯ ಹಿರಿಯರು ತೊಲೆಗೆ ತೊಟ್ಟಿಲ ಹಗ್ಗ ಕಟ್ಟಬೇಕೆಂದರೆ, "ನನ್ ಕೈ ಕಟ್ಟಿದ್ದು ನಿಲ್ಲಾಕಿಲ್ಲ ಕಣವ್ವ, ಬ್ಯಾರೇವ್ರ ಕೈಲಿ ಕಟ್ಟುಸ್ಕಳಿ," ಎಂದು ನೀನು ಎದ್ದು ಹೊರಗೆ ಹೋದೆಯಂತೆ. ಮಗುವನ್ನು ಎತ್ತಿಕೊಳ್ಳಲೂ ಇಲ್ಲವಂತೆ. ಅಕ್ಕ ಫೋನಿನಲ್ಲಿ ಅತ್ತುಬಿಟ್ಟಳು. ಅವಳಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು, ಮಗುವಿಗೆ ಮುತ್ತು. ನಿನ್ನ ಪಾದ ಮುಟ್ಟುವ ಯೋಗ್ಯತೆ ಇದೆಯೋ ಇಲ್ಲವೋ, ಮುಟ್ಟಿದೆನೆಂದು ತಿಳಿ.

ನಿನ್ನ ಮಗ,
ಕಾಂತರಾಜು

ತಾ.ಕ.: ಇದನ್ನು ಯಾರ ಕೈಯಲ್ಲೂ ಓದಿಸಬೇಡ, ನೀನೇ ಓದು. ಕ್ಯಾರಿಯರಿನ ನಟ್ಟು ಬಿದ್ದುಹೋಗಿದೆಯೆಂದು ಅವತ್ತು ಬೆಳಿಗ್ಗೆ ನೀನು ಬ್ಯಾರನ್ನಿನ ತಂತಿ ಸುತ್ತಿ ಕಟ್ಟಿದ್ದೆ. ಆ ತಂತಿ ಬಿಚ್ಚಿಹೋಗಿ ರಾಣಿ ಕಂದಕಕ್ಕೆ ಬಿದ್ದಳು ಎಂದು ನಾನು ಹೇಳಿದ್ದು ಸುಳ್ಳು. ಮಿಲ್ಲಿನಿಂದ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದೆವು, ಏರು ತುಳಿಯಲಾಗದೆ ಅವಳನ್ನು ಇಳಿಸಿದೆ. ಮುಂದೆ ಬಿಡಬೇಕಿತ್ತು, ಹಿಂದೆ ಬಾ ಎಂದೆ. ಬಿದಿರು ಮುರಿದ ಸದ್ದಾಯಿತು. ಆನೆಯೆಂದು ಹೆದರಿ ಸೈಕಲ್ ಹತ್ತಿ ತುಳಿದುಬಿಟ್ಟೆ. "ಅಣ್ಣಾ ತಾಳೋ, ತಾಳೋ" ಎಂದು ಕೂಗಿದ್ದು ಕೇಳಿಸಿತು. ಕೇಳಿಸಿತು ಅಪ್ಪಾ. ನಿಲ್ಲಲಿಲ್ಲ. ನನ್ನ ಹಿಂದೆ ಓಡಿಬರುತ್ತಾ ಕಂದಕಕ್ಕೆ ಬಿದ್ದಳು. ಹಿಟ್ಟಿನ ಚೀಲ ಮನೆಗೆ ಬಂತು, ಅವಳು ಬರಲಿಲ್ಲ. ಊರ ಬಾಗಿಲಲ್ಲಿ ನಿಂತು ನಿನ್ನ ತಂತಿಯನ್ನು ಬಿಚ್ಚಲು ನೋಡಿದೆ, ಬಿಚ್ಚಲು ಬರಲಿಲ್ಲ, ಅಷ್ಟು ಗಟ್ಟಿ ಕಟ್ಟಿದ್ದೆ. ಕಲ್ಲಿನಿಂದ ಜಜ್ಜಿ ಜಜ್ಜಿ ಕಿತ್ತೆ. ನನ್ನ ಬಲ ಹೆಬ್ಬೆರಳಿನ ಕಲೆ ಅದರದ್ದೇ. ಶುಕ್ರವಾರ ನೀನು ನನ್ನ ಮುಖ ನೋಡಬೇಡ, ಬಾಗಿಲಿಂದಾಚೆ ಹೋಗು ಅಂದರೆ ಹೋಗುತ್ತೇನೆ. ತೊಟ್ಟಿಲು ಮಾತ್ರ ನೀನೇ ಕಟ್ಟು.