ಅಳತೆ ಪುಸ್ತಕದಲ್ಲಿ ಮೂರು ಮಾತ್ರೆ

೧೪ ಮಾರ್ಚ್, ಮಂಗಳವಾರ
ಹೊಲಿಗೆ ಅಂಗಡಿಯಿಂದ

ನನ್ನ ಹಠಮಾರಿ ಮಗಳಿಗೆ,

ಅಮ್ಮನ ನೂರು ಆಶೀರ್ವಾದ, ಜೊತೆಗೊಂದು ಬೈಗುಳ. ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಡಯಾಲಿಸಿಸ್‌ಗೆ ಮಲಗಿದಾಗ ಓದು. ಆಗ ಎದ್ದು ಓಡಿ ಬಂದು ಜಗಳವಾಡಲು ನಿನಗಾಗುವುದಿಲ್ಲ.

ಒಂದೂವರೆ ವರ್ಷದಿಂದ ನನ್ನ ಮೈಮೇಲೆ ಪಿತ್ತದ ಗಂಧೆ ಏಳುತ್ತಿದೆ. ಈ ಸೆಕೆಯಲ್ಲಿ ತುಂಬುತೋಳಿನ ಅಂಗಿ ಯಾಕೆ ಎಂದು ನೀನು ಕೇಳಿದಾಗ ಹೊಸ ಫ್ಯಾಷನ್ ಅಂದೆನಲ್ಲ, ಫ್ಯಾಷನ್ನೂ ಇಲ್ಲ ಮಣ್ಣೂ ಇಲ್ಲ. ಕತ್ತರಿಯ ಹಿಡಿ ಒತ್ತಿದ ಕಡೆಯೆಲ್ಲ ಕೆಂಪಗೆ ಊದಿ ತುರಿಸುತ್ತದೆ. ಅಲರ್ಜಿ ಮಾತ್ರೆ ನಾಲ್ಕು ಪಟ್ಟು ನುಂಗಿದೆ, ಆರು ತಿಂಗಳು ಚುಚ್ಚುಮದ್ದು ಹಾಕಿಸಿಕೊಂಡೆ, ಜಗ್ಗಲಿಲ್ಲ. ಹೋದ ವಾರ ತುಟಿ, ನಾಲಿಗೆ ಊದಿ ಉಸಿರೇ ಸಿಕ್ಕಿಕೊಂಡಿತು. ಕೋಟು ಒಯ್ಯಲು ಬಂದ ಗಿರಾಕಿ ಕೋಟು ಬಿಟ್ಟು ನನ್ನನ್ನು ಆಸ್ಪತ್ರೆಗೆ ಒಯ್ದಳು.

ಇನ್ನು ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಬೇಕು, ಮೂರಿವೆ, ಯೋಚಿಸಿ ಬನ್ನಿ ಅಂದರು ಚರ್ಮದ ಡಾಕ್ಟರಮ್ಮ. ಸೈಕ್ಲೋಸ್ಪೊರಿನ್, ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಯಿಲೆಯೇ ವಾಸಿಯಾಗಬೇಕು! ಅಳತೆ ಪುಸ್ತಕ ತೆಗೆದು ಎದೆ, ಸೊಂಟ, ಉದ್ದ ಬರೆಯುವ ಕಡೆ ಕಿಡ್ನಿ, ಲಿವರ್, ರಕ್ತ ಎಂದು ಬರೆದೆ. ಮೊದಲನೆಯದು ಬೇಗ ಗುಣ ಕೊಡುತ್ತದೆ, ಆದರೆ ಬಿ.ಪಿ. ಏರಿಸಿ ಕಿಡ್ನಿಗೆ ಕುತ್ತು ತರಬಹುದು. ಎರಡನೆಯದು ವಾರಕ್ಕೊಂದೇ ದಿನ, ಲಿವರ್ ಮೇಲೆ ಕಣ್ಣಿಡಬೇಕು, ಗುಣ ನಿಧಾನ, ಕಾಣದೆಯೂ ಇರಬಹುದು. ಮೂರನೆಯದರಲ್ಲಿ ರಕ್ತಕಣ ಕುಸಿಯುವ ಭಯ, ಅದೂ ಆಮೆ ನಡಿಗೆಯದೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರು ಸಲ ಗುರುತು ಹಾಕಿ ಮೂರು ಸಲವೂ ಹೊಡೆದುಹಾಕಿದ್ದೇನೆ.

ನಾಲಿಗೆ ಊದಿರುವುದರಿಂದ ಮೊದಲನೆಯದೇ ಸರಿ, ನಿಮ್ಮ ಕಿಡ್ನಿ ಗಟ್ಟಿಯಾಗಿದೆ ಎಂದರು ಡಾಕ್ಟರಮ್ಮ. ಅದರಲ್ಲೊಂದನ್ನು ಮುಂದಿನ ತಿಂಗಳು ಮಗಳಿಗೆ ಕೊಡುವವಳಿದ್ದೇನೆ ಎಂದು ಅವರಿಗೆ ಹೇಳಲಿಲ್ಲ. ನಿನ್ನ ಆಸ್ಪತ್ರೆಯ ಫಾರಂನಲ್ಲೂ ಬೇರೆ ಕಾಯಿಲೆ ಇದೆಯೇ ಎಂಬಲ್ಲಿ ಇಲ್ಲ ಎಂದೇ ಬರೆದಿದ್ದೇನೆ. ಬೈಗುಳ ನಿನಗೆ ಅಂದೆ, ಸಲ್ಲಬೇಕಾದದ್ದು ನನಗೆ.

ಆಪರೇಷನ್ ಆದಮೇಲೆ ನೀನು ನುಂಗಬೇಕಾದ ಮಾತ್ರೆಗಳ ಚೀಟಿಯನ್ನು ನಿನ್ನೆ ನೋಡಿದೆ. ಅದರಲ್ಲೂ ಅದೇ ಸೈಕ್ಲೋಸ್ಪೊರಿನ್! ನಾನು ಕೊಡುವ ಕಿಡ್ನಿಯನ್ನು ನಿನ್ನ ಮೈ ಒದ್ದೋಡಿಸದಂತೆ ಕಾಯುವ ಮಾತ್ರೆಯೇ ನನ್ನ ಹೊಟ್ಟೆಗೆ ಬಿದ್ದರೆ ನಾನು ಕೊಡುವ ಹಾಗಿಲ್ಲ. ನುಂಗದಿದ್ದರೆ ಕೊಡುವವಳಿಗೇ ಉಸಿರು ಕಟ್ಟೀತು. ಇದೆಂಥ ನ್ಯಾಯವೋ ನನಗೆ ತಿಳಿಯುತ್ತಿಲ್ಲ.

ನಿನ್ನನ್ನು ಕೇಳಿದರೆ ನುಂಗಮ್ಮ ಅನ್ನುತ್ತೀಯ. ಆಮೇಲೆ ಆ ಯಂತ್ರದ ಪಕ್ಕ ನೀನು ಇನ್ನೆಷ್ಟು ವರ್ಷ? ನಿನಗೆ ಕೊಡುವವರು ನನ್ನ ಬಿಟ್ಟು ಯಾರೂ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟ ನಿನ್ನಪ್ಪನ ಮಾತೆತ್ತಿದವರ ಮೇಲೆ ಇಸ್ತ್ರಿಪೆಟ್ಟಿಗೆ ಎತ್ತುತ್ತಿದ್ದೆ. ಈಗ ಹೆದರಿಕೆಯಾಗುತ್ತಿದೆ ಮಗಳೇ.

ಇಂತಿ,
ತಲೆ ಕೆಟ್ಟು ಕೂತಿರುವ
ನಿನ್ನ ಅಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹೋದ ವರ್ಷ ನಿನ್ನ ಕಾಯಿಲೆಯ ಸುದ್ದಿ ಕೇಳಿ ನಿನ್ನಪ್ಪ ನಿನ್ನ ಆಸ್ಪತ್ರೆಗೇ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಅವರ ಕಿಡ್ನಿಯೂ ನಿನಗೆ ಹೊಂದುತ್ತದೆ. ಕೊಡುತ್ತೇನೆ ಎಂದು ನನಗೆ ಕಾಗದ ಬರೆದರು. ಮಗಳಿಗೆ ನಿಮ್ಮ ಮುಖ ನೋಡಲೂ ಇಷ್ಟವಿಲ್ಲವಂತೆ ಎಂದು ನಾನು ಉತ್ತರ ಬರೆದೆ. ನೀನು ಹಾಗೆ ಅಂದಿರಲೇ ಇಲ್ಲ. ನಿನ್ನನ್ನು ಉಳಿಸುವವಳು ನಾನೊಬ್ಬಳೇ ಆಗಬೇಕೆಂಬ ಹೊಟ್ಟೆಕಿಚ್ಚು ನನಗೆ. ಅವರ ನಂಬರು ಈ ಹಾಳೆಯ ಹಿಂದಿದೆ. ನನ್ನನ್ನು ಆಮೇಲೆ ಬೈ, ಮೊದಲು ಅವರಿಗೆ ಫೋನ್ ಮಾಡು.